ನೋಡಿಯೂ ಸುಮ್ಮನಿದ್ದ ತಪ್ಪು

ಬೋರ್ಡು ಬರೆಯುವುದು ನಮ್ಮ ಮನೆತನದ ಕೆಲಸ. ಬೆಟಗೇರಿಯಲ್ಲಿ ಅಬ್ಬಾನ ಅಂಗಡಿ ಇತ್ತು. ಅಲ್ಲಿ ಬರೆದ ಬೋರ್ಡುಗಳು ಗದಗಿನ ಸ್ಟೇಶನ್ ರಸ್ತೆಯಿಂದ ಹಿಡಿದು ಮುಂಡರಗಿಯ ಬಜಾರದವರೆಗೆ ಅಂಗಡಿಗಳ ನೆತ್ತಿಯ ಮೇಲಿದ್ದವು. ಫ್ಲೆಕ್ಸ್ ಬಂದ ಮೇಲೆ ಈ ಕೆಲಸ ಮುಗಿಯಿತು ಎಂದು ಎಲ್ಲರೂ ಅಂದರು, ನಾನೂ ಹಾಗೇ ಅಂದುಕೊಂಡು ಎರಡು ವರ್ಷ ಕೈಕಟ್ಟಿ ಕೂತೆ. ಆಮೇಲೆ ಸರಕಾರಿ ಶಾಲೆಗಳ ಗೋಡೆಗೆ ಚಿತ್ರ ಬರೆಸುವ ಒಂದು ಸಂಸ್ಥೆಯವರು ಹುಡುಕಿಕೊಂಡು ಬಂದರು. ಫ್ಲೆಕ್ಸ್ ಒಂದೇ ಬೇಸಿಗೆಯ ಗಾಳಿಗೆ ಹರಿದುಹೋಗುತ್ತದೆ, ಗೋಡೆಯ ಬಣ್ಣ ಹಾಗಲ್ಲ ಎಂದು ಅವರಿಗೆ ಗೊತ್ತಾಗಿತ್ತು. ಹೀಗೆ ನಾನು ಐದಾರು ಜನರ ತಂಡ ಕಟ್ಟಿದೆ. ಎಲ್ಲರೂ ನನ್ನನ್ನು ಉಸ್ತಾದ ಎಂದು ಕರೆದರು. ಅದು ಅಬ್ಬಾನನ್ನು ಕರೆಯುತ್ತಿದ್ದ ಹೆಸರು. ಅದನ್ನು ಕೇಳಿದಾಗಲೆಲ್ಲ ನನ್ನ ಎದೆ ಒಂದು ಗೇಣು ಅಗಲವಾಗುತ್ತಿತ್ತು.

ನನ್ನ ತಂಡದಲ್ಲಿ ಕೆಲಸದ ರೀತಿ ಸರಳವಾಗಿತ್ತು. ಪೆನ್ಸಿಲ್ ಗೆರೆ ನನ್ನದು, ಒಳಗೆ ಬಣ್ಣ ತುಂಬುವುದು ಉಳಿದವರದು. ಕೊನೆಗೆ ಗೋಡೆಯ ಬಲಮೂಲೆಯಲ್ಲಿ ಸಹಿಯೂ ನನ್ನದೇ. ಗೋಡೆ ಕೆರೆಯುವುದು, ಬಿರುಕಿಗೆ ಪುಟ್ಟಿ ಮೆತ್ತುವುದು, ಪ್ರೈಮರ್ ಹೊಡೆಯುವುದು ಮುಗಿಯುವವರೆಗೆ ನಾನು ಹೆಡ್‌ಮಾಸ್ತರರ ಕೋಣೆಯಲ್ಲಿ ಕೂತು ಚಹಾ ಕುಡಿಯುತ್ತಿದ್ದೆ. ಇದನ್ನು ಬರೆಯಲು ಈಗ ನಾಚಿಕೆಯಾಗುತ್ತದೆ. ಆಗ ಉಸ್ತಾದ ಇರಬೇಕಾದದ್ದೇ ಹೀಗೆ ಅನ್ನಿಸುತ್ತಿತ್ತು.

ತಂಡದಲ್ಲಿ ಎಲ್ಲರಿಗಿಂತ ಹಿರಿಯನನ್ನು ನಾನು ಅಣ್ಣ ಎನ್ನುತ್ತಿದ್ದೆ. ಬೆಟಗೇರಿಯ ನೇಕಾರರ ಮನೆಯವನು. ಮಗ್ಗ ಬಿಟ್ಟು ಅಬ್ಬಾನ ಕೈಕೆಳಗೆ ಕುಂಚ ಹಿಡಿದವನು. ಅವನ ಕೈ ನಡುಗಿದ್ದನ್ನು ನಾನು ಕಂಡಿಲ್ಲ. ಎಷ್ಟು ಉದ್ದದ ಗೆರೆ ಇದ್ದರೂ ಬಣ್ಣ ಒಂದು ಕೂದಲೆಳೆಯಷ್ಟೂ ಹೊರಗೆ ಹೋಗುತ್ತಿರಲಿಲ್ಲ. ಮಾತು ಕಡಿಮೆ.

ನಾನು ಹೇಳಹೊರಟ ಹೆಣ್ಣುಮಗಳು ನಮ್ಮ ತಂಡಕ್ಕೆ ಬಂದದ್ದು ಆಮೇಲೆ. ಲಕ್ಷ್ಮೇಶ್ವರದವಳು, ಆಗ ಮೂವತ್ತರ ಆಸುಪಾಸು. ಅಜ್ಜ ದೇವಸ್ಥಾನದ ಪೂಜೆ ಮಾಡಿದವರು, ತಂದೆ ಕನ್ನಡ ಶಾಲೆಯ ಮಾಸ್ತರರಾಗಿದ್ದವರು. ಗದಗಿನಲ್ಲಿ ಚಿತ್ರಕಲೆ ಕಲಿತಿದ್ದಳು. ಚೂಡಿದಾರದ ಮೇಲೆ ತಂದೆಯ ಹಳೆಯ ತುಂಬುತೋಳಿನ ಅಂಗಿ ಹಾಕಿಕೊಂಡು, ತಲೆಗೆ ವಸ್ತ್ರ ಬಿಗಿದು, ಮೊದಲನೆಯ ದಿನವೇ ಗೋಡೆ ಕೆರೆಯಲು ನಿಂತಳು.

"ಆ ಕೆಲಸ ನಿಂದಲ್ಲ ತಂಗಿ. ಧೂಳ ಮೂಗಿಗೆ ಹೋಗತೈತಿ," ಎಂದೆ.

"ಇರ್ಲಿ ಬಿಡ್ರಿ ಉಸ್ತಾದ್ರ. ಗ್ವಾಡಿ ಹೆಂಗೈತಿ ಅಂತ ಕೆರದಾಗ ಗೊತ್ತಾಗೂದು," ಎಂದಳು.

ನಾಲ್ಕು ವರ್ಷ ನನ್ನ ಜೊತೆಗಿದ್ದಳು. ಗೋಡೆ ಕೆರೆಯುತ್ತ ಅಲ್ಲಿಯ ಬಿಸಿಯೂಟದ ಅಡುಗೆಯವರ ಜೊತೆ, ನೀರಿಗೆ ಬಂದ ಹೆಂಗಸರ ಜೊತೆ ಮಾತಾಡುವಳು. ನಿಮ್ಮೂರಾಗ ಯಾವ ಹಕ್ಕಿ ಬರ್ತಾವು, ಯಾವ ಗಿಡ ಹೆಚ್ಚೈತಿ ಎಂದು ಕೇಳುವಳು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಎಲ್ಲರೆದುರು ಹೇಳಿಬಿಡುವಳು. ನನಗೆ ಅದು ಹುಚ್ಚಾಟ ಅನ್ನಿಸುತ್ತಿತ್ತು. ಆದರೆ ಮೂರನೆಯ ವರ್ಷಕ್ಕೆ ಶಾಲೆಯವರು ಫೋನ್ ಮಾಡಿ, "ಮೇಡಂ ಬರ್ತಾರೇನ್ರಿ?" ಎಂದು ಕೇಳತೊಡಗಿದರು. ಉಸ್ತಾದರು ಬರುತ್ತಾರಾ ಎಂದು ಯಾರೂ ಕೇಳಲಿಲ್ಲ. ಹೊಟ್ಟೆಯಲ್ಲಿ ಕಿಚ್ಚು ಹತ್ತಿದ್ದು ಆಗ. ಅದನ್ನು ನಾನು ಬೇರೆ ಹೆಸರುಗಳಿಂದ ಕರೆದೆ: ಈ ಹೆಣ್ಣುಮಗಳಿಗೆ ಶಿಸ್ತಿಲ್ಲ, ಹಿರಿಯರಿಗೆ ಮರ್ಯಾದೆ ಇಲ್ಲ, ಎಲ್ಲರನ್ನೂ ತಲೆಮೇಲೆ ಕೂಡಿಸಿಕೊಳ್ಳುತ್ತಾಳೆ.

ನಾಲ್ಕನೆಯ ವರ್ಷದ ಬೇಸಿಗೆಯಲ್ಲಿ ಸಂಸ್ಥೆಯವರು ಒಮ್ಮೆಲೇ ಬಹಳ ಶಾಲೆಗಳನ್ನು ಹಿಡಿದರು. ಶಿರಹಟ್ಟಿ, ಲಕ್ಷ್ಮೇಶ್ವರದ ಕಡೆಯವು ನನ್ನ ತಂಡಕ್ಕೆ. ಮುಂಡರಗಿ ಕಡೆಗೆ ಬೇರೆ ತಂಡ, ಅದಕ್ಕೆ ಆಕೆಯೇ ಮುಂದಾಳು. ಸಭೆಯಲ್ಲಿ ನಾನು ಎಲ್ಲರಿಗಿಂತ ಮೊದಲು ಚಪ್ಪಾಳೆ ಹೊಡೆದೆ. ಹೊರಗೆ ಬಂದು ಅಂಗಡಿಯ ಕಟ್ಟೆಯ ಮೇಲೆ ಕೂತಾಗ ಕಿವಿ ಬಿಸಿಯಾಗಿದ್ದವು. ನಾನು ಕೆಲಸ ಕಲಿಸಿದವಳು ನನಗೆ ಸಮನಾಗಿ ನಿಂತಳಲ್ಲ ಎಂಬ ಒಂದೇ ಮಾತು ತಲೆಯಲ್ಲಿ ತಿರುಗುತ್ತಿತ್ತು. ನಿಜ ಹೇಳಬೇಕೆಂದರೆ ನಾನು ಆಕೆಗೆ ಕಲಿಸಿದ್ದು ಸುಣ್ಣ ಹಚ್ಚಿದ ದಾರ ಹೊಡೆದು ನೇರ ಸಾಲು ಎಳೆಯುವುದನ್ನು ಮಾತ್ರ.

ಲಕ್ಷ್ಮೇಶ್ವರದಿಂದ ಬಾಳೆಹೊಸೂರಿನ ದಾರಿಯಲ್ಲಿರುವ ಒಂದು ಹಳ್ಳಿಯ ಶಾಲೆಯಲ್ಲಿ ನಮ್ಮ ಕೆಲಸ ನಡೆದಿತ್ತು. ಬಾಗಿಲಿನ ಮೇಲೆ ದೊಡ್ಡ ಅಕ್ಷರಗಳಲ್ಲಿ 'ವಿದ್ಯಾರ್ಥಿಗಳಿಗೆ ಸ್ವಾಗತ' ಎಂದು ಬರೆಯಬೇಕಿತ್ತು. ನಾನೇ ಏಣಿ ಹತ್ತಿ ಪೆನ್ಸಿಲ್ಲಿನಿಂದ ಅಕ್ಷರ ಮೂಡಿಸಿ ಇಳಿದೆ, ಅಣ್ಣ ಬಣ್ಣ ತುಂಬಿದ. ಮರುದಿನ ಹೆಡ್‌ಮಿಸ್ಟ್ರೆಸ್ ಬಂದು ಕತ್ತೆತ್ತಿ ನೋಡಿ ನಕ್ಕರು.

"ವಿದ್ಯಾಕ್ಕ ಹೊಟ್ಟಿ ಸೀಳೀರಲ್ರಿ! 'ವಿಧ್ಯಾರ್ಥಿ' ಆಗೇತಿ. ಇದನ್ನ ನೋಡಿ ಕೂಸುಗಳು ಕಲಿಬೇಕಲ್ಲ."

ಗೋಡೆಯ ಕಡೆ ನೋಡಿದೆ. ಹೌದು, ದಕಾರದ ಕೆಳಗೆ ಸಣ್ಣದೊಂದು ಸೀಳು. ಅದು ನನ್ನ ಕೈಯ ಗೆರೆ ಎಂದು ಆ ಕ್ಷಣವೇ ಗೊತ್ತಾಯಿತು. ಆದರೆ ಬಾಯಿಂದ ಬಂದ ಮಾತೇ ಬೇರೆ.

"ಏನಣ್ಣಾ ಇದು? ಇಷ್ಟು ವರ್ಷಾತು, ಎಲ್ಲಿ ಹೊಟ್ಟಿ ಸೀಳಬೇಕು ಎಲ್ಲಿ ಸೀಳಬಾರದು ಗೊತ್ತಾಗಂಗಿಲ್ಲೇನು ನಿನಗ?"

ತಂಡದವರೆಲ್ಲ ನಿಂತು ನೋಡುತ್ತಿದ್ದರು. ಅಣ್ಣ ನನ್ನನ್ನೊಮ್ಮೆ ನೋಡಿದ. "ಆತ್ರಿ, ಸರಿ ಮಾಡ್ತೀನಿ," ಎಂದು ಏಣಿ ಹತ್ತಿದ. ಅವನು ಟರ್ಪೆಂಟೈನ್ ಹಚ್ಚಿದ ಬಟ್ಟೆಯಿಂದ ತಿಕ್ಕುತ್ತಿದ್ದರೆ ನಾನು ಕೆಳಗೆ ನಿಂತು ಮೇಲ್ವಿಚಾರಣೆ ಬೇರೆ ಮಾಡಿದೆ.

ಒಂದು ವಾರ ಕಳೆದಿರಬಹುದು. ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ಅಣ್ಣ ಹೇಳಿದ: "ನಾ ಇನ್ನ ಮ್ಯಾಲ ಆ ಕಡಿ ತಂಡಕ್ಕ ಹೋಗ್ತೀನ್ರಿ ಉಸ್ತಾದ್ರ. ಆಕಿ ಕರದಾಳ."

"ಹೋಗು," ಎಂದೆ. ಆಕೆ ಅವನನ್ನು ನನ್ನಿಂದ ಕಿತ್ತುಕೊಂಡಳು ಎಂದು ನಾನು ಊರೆಲ್ಲ ಹೇಳಿಕೊಂಡು ತಿರುಗಿದೆ. ಅವನು ಯಾಕೆ ಹೋದ ಎಂದು ಕೇಳಿಕೊಳ್ಳಲಿಲ್ಲ.

ಜೂನ್ ಹತ್ತಿರ ಬಂದಾಗ ಆಕೆಯ ತಂಡ ಸಿಂಗಟಾಲೂರಿನ ಆಚೆಗೆ, ಹೊಳೆದಂಡೆಯ ಒಂದು ಹಳ್ಳಿಯ ಶಾಲೆಯಲ್ಲಿತ್ತು. ನಮ್ಮ ಎತ್ತರದ ಏಣಿ ಅವರ ಹತ್ತಿರ ಹೋಗಿತ್ತು. ಯಾರನ್ನಾದರೂ ಕಳಿಸಬಹುದಾಗಿದ್ದರೂ, ಏಣಿ ತರುತ್ತೇನೆ ಎಂದು ನಾನೇ ಹೊರಟೆ. ಖರೆ ಹೇಳಬೇಕೆಂದರೆ ಆಕೆಯ ಗೋಡೆ ನೋಡಬೇಕಿತ್ತು. ಅದು ಕೆಟ್ಟದಾಗಿರಲಿ ಎಂದು ಮುಂಡರಗಿಯವರೆಗೆ ಬಸ್ಸಿನಲ್ಲಿ ಬೇಡಿಕೊಳ್ಳುತ್ತ ಹೋದೆ.

ಕೆಟ್ಟದಾಗಿರಲಿಲ್ಲ. ಶಾಲೆಯ ಉದ್ದದ ಗೋಡೆಯ ತುಂಬ ಅವರ ಊರಿನ ಸೀಮೆ ಇತ್ತು. ಕೆಳಗೆ ತುಂಗಭದ್ರೆ, ದಂಡೆಯ ಮೇಲೆ ಪಂಪ್‌ಹೌಸ್, ಅಲ್ಲಿಂದ ಏರುವ ಪೈಪುಗಳು, ಮೇಲೆ ಸೂರ್ಯಕಾಂತಿ, ಗೋವಿನಜೋಳದ ಹೊಲಗಳು. ನೀರಿನ ಅಂಚಿನಲ್ಲಿ ಒಂಟಿಕಾಲಿನ ಮೇಲೆ ನಿಂತ ಬೆಳ್ಳಕ್ಕಿಗಳ ಸಾಲು. ಒಂದರ ಕುತ್ತಿಗೆ ಬಾಗಿದ ರೀತಿ ಇನ್ನೊಂದರದಲ್ಲ. ಒಂದು ಹಕ್ಕಿ ಮೀನು ನುಂಗಿ ಕತ್ತು ಉಬ್ಬಿಸಿತ್ತು. ಇಂಥ ಗೆರೆ ನನ್ನ ಕೈಗೆ ಯಾವತ್ತೂ ಬಂದಿಲ್ಲ.

"ಹಕ್ಕಿ ಚಲೋ ತಗದೀಯವ್ವಾ," ಎಂದೆ, ಹಲ್ಲು ಕಚ್ಚಿಕೊಂಡೇ.

"ನಾ ಎಲ್ಲಿ ತಗದೀನ್ರಿ! ಅವು ಕಾಕಾನ ಕೈಯವು," ಎಂದು ಆಕೆ ಅಣ್ಣನ ಕಡೆ ಕೈ ಮಾಡಿದಳು. "ಕಾಕಾ ಇಷ್ಟು ಚಂದ ಬರೀತಾರಂತ ನೀವು ಒಂದಿನಾನೂ ಹೇಳಲಿಲ್ಲಲ್ರಿ ನಮಗ?"

ನನಗೇ ಗೊತ್ತಿರಲಿಲ್ಲ. ಅಬ್ಬಾನ ಕಾಲದಿಂದ ಜೊತೆಗಿದ್ದ ಮನುಷ್ಯ ಬೆಳ್ಳಕ್ಕಿ ಬರೆಯಬಲ್ಲ ಎಂದು ನನಗೆ ಗೊತ್ತಿರಲಿಲ್ಲ. ಈಗ ಹೊಟ್ಟೆಯ ಉರಿ ಒಬ್ಬರ ಮೇಲಲ್ಲ, ಇಬ್ಬರ ಮೇಲೆ. ಅಣ್ಣ ಏಣಿಯ ಮೇಲಿನಿಂದಲೇ "ಬರ್ರಿ ಉಸ್ತಾದ್ರ, ಕುಂಡ್ರಿ," ಎಂದ. ಅವನ ಮುಖದಲ್ಲಿ ನಾನು ಹಿಂದೆಂದೂ ಕಾಣದ ಒಂದು ಕಳೆ ಇತ್ತು.

ತಪ್ಪು ಹುಡುಕಲು ಶುರು ಮಾಡಿದೆ. ಗೋಡೆಯ ಈ ತುದಿಯಿಂದ ಆ ತುದಿಗೆ, ಕಳೆದ ಸೂಜಿ ಹುಡುಕುವವನ ಹಾಗೆ. ಕೊನೆಗೆ ಸಿಕ್ಕಿತು. ಹೊಳೆ ಯಾವ ಕಡೆ ಹರಿಯುತ್ತದೆ ಎಂದು ತೋರಿಸಲು ನೀರಿನೊಳಗೆ ಬಿಳಿ ಬಾಣಗಳನ್ನು ಹಾಕಿದ್ದರು. ಎಲ್ಲ ಬಾಣಗಳ ಮುಖವೂ ಎಡಕ್ಕೆ, ಎಂದರೆ ಪಶ್ಚಿಮಕ್ಕೆ. ತುಂಗಭದ್ರೆ ಅಲ್ಲಿ ಹರಿಯುವುದು ಪೂರ್ವದ ಕಡೆಗೆ. ಗೋಡೆಗೆ ಮುಖ ಮಾಡಿ ನಿಂತವನ ಬೆನ್ನ ಹಿಂದೆಯೇ ಹೊಳೆ ಬಲಕ್ಕೆ ಹೋಗುತ್ತಿತ್ತು, ಗೋಡೆಯ ಮೇಲೆ ಎಡಕ್ಕೆ.

ಒಂದು ಮಾತು ಹೇಳಿದ್ದರೆ ಕಾಲು ತಾಸಿನಲ್ಲಿ ಸರಿಯಾಗುತ್ತಿತ್ತು. ನಾನು ಹೇಳಲಿಲ್ಲ. ಎದೆಯೊಳಗೆ ತಣ್ಣಗೆ ಏನೋ ಇಳಿಯಿತು. ಬಾಯಾರಿದವನಿಗೆ ನೀರು ಸಿಕ್ಕ ಹಾಗೆ. "ಎಲ್ಲಾ ಚಲೋ ಆಗೇತಿ," ಎಂದೆ. ಏಣಿಯನ್ನು ಟಂಟಂ ಗಾಡಿಯ ಮೇಲೆ ಕಟ್ಟಿಸಿಕೊಂಡು ಹೊರಟೆ.

ಶಾಲೆ ಶುರುವಾದ ವಾರ ಆ ಗೋಡೆಯನ್ನು ಊರಿಗೆ ಒಪ್ಪಿಸುವ ಕಾರ್ಯಕ್ರಮ. ಸಂಸ್ಥೆಯ ಹಿರಿಯರೊಬ್ಬರು ಬಂದಿದ್ದರು. ನಮ್ಮ ತಂಡವನ್ನೂ ಕರೆದಿದ್ದರು. ನಾನು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಮುಂದಿನ ಸಾಲಿನಲ್ಲೇ ಕೂತೆ. ಯಾರಾದರೂ ಬಾಣ ನೋಡಲಿ ಎಂದು ಕಾಯುತ್ತಿದ್ದೆ.

ನೋಡಿದವಳು ಬಿಸಿಯೂಟದ ಅಡುಗೆಯಾಕೆ. ಹೊಳೆಯಲ್ಲಿ ಮೀನು ಹಿಡಿಯುವವರ ಮನೆಯವಳು. ಸೆರಗಿಗೆ ಕೈ ಒರೆಸಿಕೊಳ್ಳುತ್ತ ಗೋಡೆಯ ಹತ್ತಿರ ಹೋಗಿ, "ಯವ್ವಾ, ನಮ್ಮ ಹೊಳಿ ಯಾವಾಗ ಹಿಂದಕ್ಕ ಹರಿಯಾಕ ಹತ್ತಿತು?" ಎಂದು ಜೋರಾಗಿ ಕೇಳಿದಳು. ಊರ ಜನ ಗೊಳ್ಳೆಂದು ನಕ್ಕರು. ಮಕ್ಕಳು ಬಾಣ ತೋರಿಸಿ ಕುಣಿದರು. ಸಂಸ್ಥೆಯ ಹಿರಿಯರ ಮುಖ ಗಂಟಾಯಿತು.

"ಈ ಬಾಣ ಹಾಕಿದ್ದು ಯಾರು?" ಎಂದರು.

ಹಿಂದಿನ ಸಾಲಿನಲ್ಲಿ ಅಣ್ಣ ಎದ್ದು ನಿಲ್ಲಲು ಹೋದ. ಆಕೆ ಅವನಿಗಿಂತ ಮೊದಲೇ ಎದ್ದಿದ್ದಳು.

"ತಪ್ಪು ನಂದರಿ," ಎಂದಳು. "ಗ್ವಾಡಿ ಪೂರ್ತಿ ಆತು ಅಂತ ನೋಡಿ ಒಪ್ಪಿದಾಕಿ ನಾನು. ಹಕ್ಕಿ, ಗಿಡ ಎಲ್ಲಾ ಕೇಳಿದೆ, ಹೊಳಿ ಯಾವ ಕಡಿ ಹರೀತೈತಿ ಅಂತ ಕೇಳಲಿಲ್ಲ. ಕಾರ್ಯಕ್ರಮ ಮುಗಿಯೂದ್ರಾಗ ಸರಿ ಮಾಡ್ತೀನ್ರಿ." ಆಮೇಲೆ ಅಡುಗೆಯಾಕೆಯ ಕಡೆ ತಿರುಗಿ, "ಬರ್ರಿ ಅಕ್ಕಾರ, ಬಾಜೂಕ ನಿಂತು ತೋರಸ್ರಿ, ಮತ್ತೊಮ್ಮೆ ತಪ್ಪಬಾರದು," ಎಂದಳು.

ಭಾಷಣಗಳು ನಡೆದಿರುವಾಗಲೇ ಆಕೆ ನೀಲಿ ಬಣ್ಣ ಕಲಸಿ ಹಳೆಯ ಬಾಣಗಳನ್ನು ಮುಚ್ಚಿದಳು. ತಂಡದವರು ಒಬ್ಬೊಬ್ಬರಾಗಿ ಎದ್ದು ಹೋಗಿ ಆಕೆಯ ಜೊತೆ ಸೇರಿದರು. ಯಾರೂ ಕರೆದಿರಲಿಲ್ಲ. ಆಕೆಗೆ ಮುಖಭಂಗವಾಗುವುದನ್ನು ನೋಡಲು ಬಂದವನು, ಊರಿಗೆ ಊರೇ ಆಕೆಯ ಸುತ್ತ ನಿಂತು ಬಾಣ ಹೇಗಿರಬೇಕೆಂದು ಹೇಳುವುದನ್ನು ನೋಡುತ್ತ ಕೂತೆ. ಅಷ್ಟು ಹೊಟ್ಟೆಕಿಚ್ಚು ನನಗೆ ಅದಕ್ಕೂ ಮೊದಲು ಆಗಿರಲಿಲ್ಲ. ತಪ್ಪು ಮಾಡಿಯೂ ಆಕೆ ನನಗಿಂತ ಎತ್ತರದಲ್ಲಿದ್ದಳು.

ಊಟದ ನಂತರ ಬೇವಿನ ಗಿಡದ ಕೆಳಗೆ ಕೈ ತೊಳೆಯುತ್ತಿದ್ದಾಗ ಆಕೆ ಬಂದು ಸಹಜವಾಗಿ ಕೇಳಿದಳು: "ಅವತ್ತ ಏಣಿಗೆ ಬಂದಾಗ ನೀವೂ ನೋಡಿರಲಿಲ್ಲೇನ್ರಿ ಉಸ್ತಾದ್ರ?"

"ಇಲ್ಲವಾ. ನನ್ನ ಕಣ್ಣಿಗೆ ಬೀಳಲಿಲ್ಲ," ಎಂದೆ.

ತಿರುಗಿ ಬರುವ ಬಸ್ಸಿನಲ್ಲಿ ಅಣ್ಣ ನನ್ನ ಪಕ್ಕದಲ್ಲಿ ಕೂತ. ಮುಂಡರಗಿ ದಾಟಿದ ಮೇಲೆ ತಾನಾಗಿಯೇ ಮಾತು ತೆಗೆದ.

"ಬಾಣ ನಾ ಹಾಕಿದ್ದು. ಆಕಿ ಕಾಗದದ ಮ್ಯಾಲ ಬರೇ ಹೊಳಿ ತಗದಿದ್ಲು. ಬಾಣ ಹಾಕಿದ್ರ ತಿಳೀತೈತಿ ಅಂತ ನಾನ ಹೇಳಿದೆ. ನಾನ ಹಾಕಿದೆ. ಆಕಿ ನನ್ನ ಹೆಸರ ಎತ್ತಲಿಲ್ಲ."

ನನಗೆ ಬಾಳೆಹೊಸೂರಿನ ದಾರಿಯ ಆ ಶಾಲೆಯ ಬಾಗಿಲು ಕಣ್ಣಿಗೆ ಬಂತು. ಬಸ್ಸಿನ ಸಪ್ಪಳದಲ್ಲಿ ಕೇಳಿಸಿತೋ ಇಲ್ಲವೋ ಎನ್ನುವ ಹಾಗೆ ಹೇಳಿದೆ: "ಅಣ್ಣಾ, ಆ ಧ ನಂದು. ಪೆನ್ಸಿಲ್ ನಂದು."

"ಗೊತ್ತಿತ್ರಿ. ಬಣ್ಣ ತುಂಬೂಮುಂದನ ಕಂಡಿತ್ತು, ತಪ್ಪೈತಿ ಅಂತ."

"ಮತ್ತ ಯಾಕ ಹೇಳಲಿಲ್ಲ?"

"ಹೇಳಿದ್ರ ನಿಮಗ ಸಿಟ್ಟು ಬರತೈತಿ. ನಿಮ್ಮ ಗೆರಿ ತಪ್ಪೈತಿ ಅಂತ ಯಾರು ಹೇಳ್ಯಾರ ಇಷ್ಟು ದಿನ? ನಾವು ತುಂಬಾವ್ರು, ತುಂಬತೀವಿ."

ಅದನ್ನು ಅವನು ಬೈಗುಳವಾಗಿ ಹೇಳಲಿಲ್ಲ, ಹವಾಮಾನದ ಮಾತು ಹೇಳಿದ ಹಾಗೆ ಹೇಳಿದ. ಅದಕ್ಕೇ ಬಿಟ್ಟು ಹೋದೆಯಾ ಎಂದು ಕೇಳಿದೆ.

"ಅದಕ್ಕಲ್ಲ. ಆಕಿ ಒಂದಿನ ಕೇಳಿದ್ಲು, ಕಾಕಾ, ನಿಮಗ ಏನು ಬರೀಬೇಕು ಅನ್ನಸ್ತೈತಿ ಅಂತ. ಎರಡು ದಿನ ವಿಚಾರ ಮಾಡಿದೆ. ನನ್ನ ಯಾರೂ ಕೇಳಿದ್ದಿಲ್ಲಲ್ಲ."

ಇನ್ನು ಮುಚ್ಚಿಡಲು ಆಗಲಿಲ್ಲ. ಬಾಣದ ತಪ್ಪನ್ನು ಏಣಿ ತರಲು ಹೋದ ದಿನವೇ ನೋಡಿದ್ದೆ, ಬೇಕೆಂದೇ ಸುಮ್ಮನಿದ್ದೆ, ಆಕೆ ಕೇಳಿದಾಗಲೂ ಸುಳ್ಳು ಹೇಳಿದೆ ಎಂದುಬಿಟ್ಟೆ. ಅಣ್ಣ ಎದ್ದು ಮುಂದೆ ಖಾಲಿಯಿದ್ದ ಸೀಟಿಗೆ ಹೋಗಿ ಕೂತ. ಗದಗಿನಲ್ಲಿ ಇಳಿದಾಗ ತಿರುಗಿ ನೋಡದೆ ನಡೆದುಹೋದ.

ಮರುದಿನ ಲಕ್ಷ್ಮೇಶ್ವರಕ್ಕೆ, ಆಕೆಯ ಮನೆಗೆ ಹೋದೆ. ಆಕೆಯ ತಂದೆ ಅಂಗಳದಲ್ಲಿ ಪೇಪರ್ ಓದುತ್ತಿದ್ದರು. ಅವರೆದುರಿಗೇ ಆಕೆಗೆ ಎಲ್ಲ ಹೇಳಿದೆ. ಕ್ಷಮಿಸಿದೆ ಎನ್ನುತ್ತಾಳೆ ಎಂದು ಒಳಗೊಳಗೆ ನಂಬಿದ್ದೆ. ಆಕೆ ಕೆಂಪಗಾದಳು.

"ನನ್ನ ಸಲುವಾಗಿ ಬ್ಯಾಸರಿಲ್ರಿ. ಕಾಕಾ ಅವತ್ತ ಹೆಂಗ ಕೂತಿದ್ರು ನೋಡಿದ್ರೇನು? ಅಷ್ಟು ಜನದಾಗ ತಲಿ ತಗ್ಗಿಸಿ? ಅವರು ಮೊದಲನೇ ಸಲ ತಮ್ಮ ಕೈಲೆ ಬರದಿದ್ರು. ನೀವು ಒಂದು ಮಾತು ಅಂದಿದ್ರ ಅದು ತಪ್ಪತಿತ್ತು." ಬಾಗಿಲ ಕಡೆ ತಿರುಗಿ, "ನಿಮ್ಮನ್ನ ನೋಡಿ ನಾ ಈ ಕೆಲಸಕ್ಕ ಬಂದಾಕಿ," ಎಂದು ಒಳಗೆ ಹೋದಳು. ಚಹಾ ತಂದುಕೊಟ್ಟವರು ಆಕೆಯ ತಾಯಿ. ಅದನ್ನು ಕುಡಿದು ಮುಗಿಸುವುದು ಕಷ್ಟವಾಯಿತು.

ಆಗ ಶಿರಹಟ್ಟಿಯ ಹತ್ತಿರ ನಮ್ಮದೊಂದು ಗೋಡೆ ಬಾಕಿ ಇತ್ತು. ತಂಡದವರನ್ನು ಕೂಡಿಸಿ ಬಾಗಿಲ ಮೇಲಿನ ಅಕ್ಷರದ ತಪ್ಪು ಯಾರದೆಂದು ಹೇಳಿದೆ. ಇನ್ನು ಮುಂದೆ ನನ್ನ ಗೆರೆಯಲ್ಲಿ ತಪ್ಪು ಕಂಡರೆ ಹೇಳಿ ಎಂದೆ. ಯಾರೂ ಹೇಳಲಿಲ್ಲ. ಮೂರು ದಿನ ಹೇಳಲಿಲ್ಲ. ಒಂದು ಮಾತಿಗೆ ಜನ ನಂಬುತ್ತಾರೆ ಎಂದುಕೊಂಡಿದ್ದು ನನ್ನ ದಡ್ಡತನ. ನಾಲ್ಕನೆಯ ದಿನ, ಬಣ್ಣ ತುಂಬುತ್ತಿದ್ದ ಒಬ್ಬ ಹೆಣ್ಣುಮಗಳು ಮೆಲ್ಲಗೆ, "ಆಕಳ ಹಿಂದಿನ ಕಾಲು ಹಂಗ ಮಡಚಂಗಿಲ್ರಿ. ನಮ್ಮ ಮನ್ಯಾಗ ಆಕಳ ಅದಾವು," ಎಂದಳು. ತಲೆಗೆ ಸಿಟ್ಟು ಏರಿತು. ಬುತ್ತಿ ತೆಗೆದುಕೊಂಡು ಶಾಲೆಯ ಹಿಂದೆ ಒಬ್ಬನೇ ಹೋಗಿ ಕೂತು ರೊಟ್ಟಿ ತಿಂದೆ. ತಿರುಗಿ ಬಂದು ಕಾಲು ಅಳಿಸಿ ಪೆನ್ಸಿಲ್ ಅವಳ ಕೈಗೆ ಕೊಟ್ಟೆ. ಅವಳು ಬರೆದ ಕಾಲು ನನ್ನದಕ್ಕಿಂತ ಚೆನ್ನಾಗಿತ್ತು. ಆ ಗೋಡೆಯ ಮೂಲೆಯಲ್ಲಿ ಎಲ್ಲರೂ ಸಹಿ ಹಾಕಿದರು. ಅಂದು ನನಗೆ ಸಂತೋಷವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಆರು ಹೆಸರುಗಳ ನಡುವೆ ನನ್ನದು ಹುಡುಕಬೇಕಾಗಿತ್ತು.

ಅಣ್ಣ ನನ್ನ ತಂಡಕ್ಕೆ ಮರಳಲಿಲ್ಲ. ರಂಜಾನ್ ಹಬ್ಬಕ್ಕೆ ಮನೆಗೆ ಬಂದು ಸುರಕುಂಬಾ ಪಾಯಸ ಕುಡಿದು ಹೋದ.

ಈಗ ಲಕ್ಕುಂಡಿಯ ಶಾಲೆಯಲ್ಲಿ ದೊಡ್ಡದೊಂದು ಕೆಲಸ ಬಂದಿದೆ. ಎರಡೂ ತಂಡ ಸೇರಿ ಮಾಡಬೇಕು, ಮುಂದಾಳು ಆಕೆ. ಸಂಸ್ಥೆಯವರ ಫೋನ್ ಬಂದಾಗ ಹೊಟ್ಟೆಯೊಳಗೆ ಅದೇ ಉರಿ ಎದ್ದಿತು. ಅದು ಹೋಗಿಲ್ಲ, ಬಹುಶಃ ಹೋಗುವುದೂ ಇಲ್ಲ. ಆದರೆ ಈಗ ಅದಕ್ಕೆ ಶಿಸ್ತು, ಮರ್ಯಾದೆ ಎಂಬ ಹೆಸರುಗಳನ್ನು ಇಡುವುದಿಲ್ಲ. ಹೊಟ್ಟೆಕಿಚ್ಚು ಎಂದೇ ಕರೆಯುತ್ತೇನೆ.

ಹೋದ ವಾರ ಅಲ್ಲಿಯ ಹಳೆಯ ಕಲ್ಲುಬಾವಿಯ ಮೆಟ್ಟಿಲುಗಳ ಚಿತ್ರವನ್ನು ಕಾಗದದ ಮೇಲೆ ಬರೆದು ನಮ್ಮೆಲ್ಲರ ಮುಂದಿಟ್ಟಳು. ಎಲ್ಲರಿಗಿಂತ ಮೊದಲು ನಾನೇ, "ಎಡಗಡಿ ಮೆಟ್ಲ ಒಂದು ಜಾಸ್ತಿ ಆಗೇತಿ," ಎಂದೆ. ಆಕೆ ಎಲ್ಲರನ್ನೂ ಬಾವಿಗೆ ಕರೆದುಕೊಂಡು ಹೋದಳು. ಎಲ್ಲರೂ ಇಳಿದು ಎಣಿಸಿದೆವು. ಆಕೆ ಬರೆದದ್ದೇ ಸರಿಯಿತ್ತು.

"ನಂದ ತಪ್ಪಾತು," ಎಂದೆ.

"ಆತ್ರಿ. ಎಣಿಸಿದ್ದು ಚಲೋನ ಆತು," ಎಂದು ಆಕೆ ಮೇಲೆ ಹತ್ತಿದಳು. ನಂದ ತಪ್ಪಾತು ಎಂಬ ಎರಡು ಮಾತು ಹೇಳುವುದು ಈಗಲೂ ಗಂಟಲಿಗೆ ಒರಟಾಗಿಯೇ ಇರುತ್ತದೆ. ಶಾಲೆಗೆ ತಿರುಗಿ ಬಂದಾಗ ಬಿಸಿಲು ಏರಿರಲಿಲ್ಲ. ಹಳೆಯ ಸುಣ್ಣ ಹೊಪ್ಪಳಿಕೆ ಎದ್ದ ಗೋಡೆ ಕಾಯುತ್ತಿತ್ತು. ಗೋಡೆ ಕೆರೆಯುವ ತಗಡು ತೆಗೆದುಕೊಂಡು ನಾನು ಬಲತುದಿಯಿಂದ ಶುರು ಮಾಡಿದೆ.